ಮೂರು ದಿನ ಹೋದಂತೆ, ಮೂರು ದಿನ ಇದ್ದಂತೆ

ಪಾದ್ರಿಗಳು ನಮ್ಮ ಮನೆಗೆ ಬಂದದ್ದು ಕನ್ನಡ ಕಲಿಯಲಿಕ್ಕೆ. ಓಣಿಯವರು ಆಡಿಕೊಂಡದ್ದು ಮಾತ್ರ, ಮಾಸ್ತರರ ಜಾತಿ ಕೆಡಿಸಲಿಕ್ಕೆ ಬಂದಿದ್ದಾರೆ ಎಂದು. ಎರಡು ವರ್ಷ ಬಂದು ಹೋದರು, ಕನ್ನಡ ಕಲಿತರು, ಯಾರ ಜಾತಿಯೂ ಕೆಡಲಿಲ್ಲ. ಆದರೆ ಅವರ ದೆಸೆಯಿಂದ ನಮ್ಮ ಮನೆಯೊಳಗೆ ಆರು ದಿನ ಏನು ನಡೆಯಿತೆಂದು ಓಣಿಯವರಿಗೆ ಗೊತ್ತಾಗಲೇ ಇಲ್ಲ. ಗೊತ್ತಾಗಿದ್ದರೆ ಒಂದು ವರ್ಷಕ್ಕಾಗುವಷ್ಟು ಮಾತು ಸಿಗುತ್ತಿತ್ತು ಅವರಿಗೆ.

ಆಗ ನಾವಿನ್ನೂ ಮುಂಬಯಿ ಸರ್ಕಾರದ ಕೆಳಗಿದ್ದವರು. ಬಾಗಲಕೋಟೆಯ ಹಳೆಯ ಊರಿನಲ್ಲಿ, ಈಗ ಹಿನ್ನೀರಿನ ಕೆಳಗೆ ಹೋಗಿರುವ ಓಣಿಯಲ್ಲಿ, ನಮ್ಮದೊಂದು ಮಾಳಿಗೆಮನೆ. ಅಪ್ಪ ಕನ್ನಡ ಶಾಲೆಯಿಂದ ಪೆನ್ಶನ್ ಆದ ಮಾಸ್ತರ. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ಅಣ್ಣ ಹುಬ್ಬಳ್ಳಿ ರೇಲ್ವೆಯಲ್ಲಿ ಕಾರಕೂನ, ತಿಂಗಳಿಗೊಮ್ಮೆ ಬಂದು ಕೂಸನ್ನು ಆಡಿಸಿ ಹೋಗುವ ಅತಿಥಿ. ಮನೆಯಲ್ಲಿ ಉಳಿದವರೆಂದರೆ ಅಪ್ಪ, ಅಣ್ಣನ ಹೆಂಡತಿ ವೈನಿ, ಅವಳ ವರ್ಷದ ಕೂಸು, ಮತ್ತು ನಾನು. ನನಗೆ ಇಪ್ಪತ್ಮೂರು. ಮದುವೆಯಾದ ವರ್ಷದೊಳಗೇ ಗಂಡ ವಿಷಮಜ್ವರದಲ್ಲಿ ಹೋದ. ಅವನ ಮುಖಕ್ಕಿಂತ ಅವನ ಕೊಡೆಯೇ ನನಗೆ ಚೆನ್ನಾಗಿ ನೆನಪಿದೆ.

ನನ್ನ ಕೂದಲು ತೆಗೆಸಬೇಕೆಂದು ಹಿರಿಯರು ಬಂದು ಕೂತಾಗ ಅಪ್ಪ, "ತಲಿ ಬೋಳಿಸಿದರ ದುಃಖ ಹಗುರ ಆಗ್ತದೇನ್ರಿ?" ಎಂದು ಕೇಳಿ ಅವರಿಗೆಲ್ಲ ಚಹಾ ಕುಡಿಸಿ ಕಳಿಸಿದ. ಅದೇ ಅಪ್ಪ ಮಡಿಯ ವಿಷಯಕ್ಕೆ ಬಂದರೆ ಕಲ್ಲು. ಮಡಿಯುಟ್ಟು ಮಾಡಿದ ಅಡಿಗೆ, ಅದೂ ನನ್ನ ಕೈಯದು, ಅಷ್ಟೇ ಉಣ್ಣುವವನು. ಕೂಸಿನ ತಾಯಿಯ ಮಡಿ ನಿಲ್ಲುವುದಿಲ್ಲ ಎಂದು ಅವನ ಶಾಸ್ತ್ರ. ಕೂಸು ಹುಟ್ಟುವ ಮೊದಲು ಮತ್ತೇನೋ ಶಾಸ್ತ್ರ ಇತ್ತು. ತಿಂಗಳಿಗೆ ಮೂರು ದಿನ ನಾನು ಹೊರಗೆ ಕೂತಾಗ ತಾನೇ ಎರಡು ಹಿಡಿ ಅಕ್ಕಿ ಬೇಯಿಸಿಕೊಂಡು ಮೊಸರು ಕಲಸಿ ಉಣ್ಣುತ್ತಿದ್ದ. ಸೊಸೆ ಬಾಗಿಲ ಹತ್ತಿರ ಸುಮ್ಮನೆ ನಿಂತಿರುತ್ತಿದ್ದಳು. ವೈನಿ ಮಾತಾಡದ ಹೆಂಗಸು. ಮಾತಾಡದವರು ಹೊಟ್ಟೆಯಲ್ಲಿ ಏನೋ ಇಟ್ಟುಕೊಂಡಿರುತ್ತಾರೆ ಎಂದು ನನಗೆ ಅವಳ ಮೇಲೆ ಒಂದು ಗುಮಾನಿ ಇದ್ದೇ ಇತ್ತು.

ಪಾದ್ರಿಗಳು ಕಡಲಾಚೆಯವರು. ಬೆಳಗಾವಿ ಕಡೆ ಬಹಳ ವರ್ಷ ಇದ್ದು ಮರಾಠಿ ಕಲಿತವರು. ಈಗ ನಮ್ಮೂರಿನ ಸ್ಟೇಶನ್ ಹತ್ತಿರ ಎರಡು ಖೋಲಿ ಬಾಡಿಗೆ ಹಿಡಿದು, ಬಾದಾಮಿ, ಹುನಗುಂದ, ಇಳಕಲ್ಲ ಕಡೆ ಅಲ್ಲೊಂದು ಇಲ್ಲೊಂದು ಇದ್ದ ತಮ್ಮ ಜನರ ಮನೆಗಳಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಅರವತ್ತರ ಹತ್ತಿರದ, ಉದ್ದನೆಯ, ಒಣಕಲು ಮನುಷ್ಯ. ಬಿಳಿ ನಿಲುವಂಗಿಯ ಅಂಚಿಗೆ ಯಾವಾಗಲೂ ಎರೆಮಣ್ಣು. ವಾರಕ್ಕೆ ನಾಲ್ಕು ದಿನ ಮುಂಜಾನೆ ನಮ್ಮ ಕಟ್ಟೆಯ ಮೇಲೆ ಪಾಠ, ಒಳಗೆ ಕರೆಯುವಂತಿರಲಿಲ್ಲ. ಚಹಾ ಕುಡಿದ ಬಟ್ಟಲನ್ನು ತಾವೇ ತೊಳೆದು ಕಟ್ಟೆಯ ಮೂಲೆಯಲ್ಲಿ ಬೋರಲು ಹಾಕುತ್ತಿದ್ದರು, ಅದು ತಮ್ಮ ದೇಶದ್ದೇ ಪದ್ಧತಿಯೇನೋ ಎನ್ನುವಷ್ಟು ಸಹಜವಾಗಿ. ನಾಚಿಕೆಪಟ್ಟವಳು ನಾನು.

ಅಪ್ಪ ಅವರಿಗೆ ಕಲಿಸಿದ್ದು ಶುದ್ಧ ಪುಸ್ತಕದ ಕನ್ನಡ. ಸಂತೆಯಲ್ಲಿ ಅವರು ಬದನೆಕಾಯಿಯವಳಿಗೆ, "ತಾಯಿ, ಇವುಗಳ ಬೆಲೆಯನ್ನು ದಯವಿಟ್ಟು ತಿಳಿಸುವಿರಾ?" ಎಂದು ಕೇಳಿದರೆ ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕು ಎರಡು ಕಾಯಿ ಹೆಚ್ಚಿಗೆ ಹಾಕುತ್ತಿದ್ದಳು. "ಇಡೀ ಊರಾಗ ಛಂದಾಗಿ ಕನ್ನಡ ಮಾತಾಡಾಂವ ಒಬ್ಬನ ಒಬ್ಬ, ಅವನೂ ಕಿರಿಸ್ತಾಂವ" ಎಂದು ಅಪ್ಪ ನಿಟ್ಟುಸಿರು ಬಿಡುತ್ತಿದ್ದ. ಆ ನಿಟ್ಟುಸಿರಿನಲ್ಲಿ ಹೆಮ್ಮೆಯೇ ಹೆಚ್ಚಿತ್ತು.

ಅವರದೊಂದು ರೂಢಿ ಮಾತ್ರ ಅಪ್ಪನಿಗೆ ಬಹಳ ದಿನ ಬಗೆಹರಿಯಲಿಲ್ಲ. ಪಾಠ ಲಂಬಿಸಿ ಹನ್ನೆರಡಾಯಿತೆಂದರೆ, ಕೂತಲ್ಲೇ ಕಣ್ಣು ಮುಚ್ಚಿ ಕಾಲು ತಾಸು ಸುಮ್ಮನಾಗುತ್ತಿದ್ದರು. "ನಿದ್ದಿ ಬಂತೇನ್ರಿ?" ಎಂದು ಅಪ್ಪ ಮೊದಲ ದಿನ ಕೇಳಿದ. "ಇಲ್ಲ ಗುರುಗಳೇ. ಬೆಳಗಿನಿಂದ ಇಲ್ಲಿಯವರೆಗಿನ ದಾರಿಯನ್ನು ಒಮ್ಮೆ ತಿರುಗಿ ನೋಡಿದೆ" ಎಂದರು. ಯಾವುದಕ್ಕೆ ದೇವರಿಗೆ ಉಪಕಾರ ಹೇಳಬೇಕು, ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು, ಯಾರ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ, ಇಷ್ಟೇ ಅಂತೆ. ಮಧ್ಯಾಹ್ನ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಒಂದು ದಿನವೂ ತಪ್ಪದಂತೆ.

ಅವರ ಸಂಘದ ಮೂಲಪುರುಷ ಒಬ್ಬ ಸಿಪಾಯಿ ಎಂಬುದನ್ನೂ ಹೇಳಿದರು. ನಾಲ್ಕುನೂರು ವರ್ಷದ ಹಿಂದೆ ತೋಪಿನ ಗುಂಡು ಬಡಿದು ಕಾಲು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದನಂತೆ. ಮಲಗಿ ಮಲಗಿ ಬೇಸರಕ್ಕೆ ಎರಡು ಬಗೆಯ ಕನಸು ಕಟ್ಟುತ್ತಿದ್ದ. ಮತ್ತೆ ಕುದುರೆ ಏರಿ ದರಬಾರಿನಲ್ಲಿ ಮೆರೆಯುವುದು ಒಂದು. ಎಲ್ಲ ಬಿಟ್ಟು ದೇವರ ಕೆಲಸಕ್ಕೆ ಹೊರಡುವುದು ಇನ್ನೊಂದು. ಕಟ್ಟುವಾಗ ಎರಡೂ ಸಿಹಿಯೇ. ಮುಗಿದ ಮೇಲೆ ಮೊದಲನೆಯದು ಬಾಯಿ ಒಣಗಿಸುತ್ತಿತ್ತು, ಎರಡನೆಯದು ತಂಪು ಉಳಿಸುತ್ತಿತ್ತು. ಈ ವ್ಯತ್ಯಾಸವನ್ನು ಅವನು ಗಮನಿಸಿದ. ತಮ್ಮ ಮಾರ್ಗವೆಲ್ಲ ಅಲ್ಲಿಂದ ಹುಟ್ಟಿತು ಎಂದರು ಪಾದ್ರಿಗಳು.

"ಉಣ್ಣೂ ಮುಂದಿನ ರುಚಿ ಬ್ಯಾರೆ, ಉಂಡ ಮ್ಯಾಲಿನ ತೃಪ್ತಿ ಬ್ಯಾರೆ. ಇಷ್ಟ ತಿಳೀಲಿಕ್ಕೆ ಅಂವಾ ಕಾಲ ಮುರಕೋಬೇಕಾತೇನ್ರಿ?" ಎಂದ ಅಪ್ಪ.

"ಕೆಲವರಿಗೆ ಮುರಿಯಲೇಬೇಕಾಗುತ್ತದೆ, ಗುರುಗಳೇ" ಎಂದು ಅವರು ನಕ್ಕರು.

ಒಮ್ಮೆ ಅಪ್ಪ ಶಿಷ್ಯನಿಗೆ ಬಾದಾಮಿ ತೋರಿಸಲು ಹೊರಟ. ಬುತ್ತಿ ಕಟ್ಟಿಕೊಂಡು ನಾನೂ ಹೋಗಿದ್ದೆ. ರೇಲ್ವೆ ಇಳಿದು ಟಾಂಗಾದಲ್ಲಿ ಊರು ಸೇರಿ ಹೊಂಡದ ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಹನ್ನೆರಡಾಯಿತು. ಇವರು ಕೂತು ಕಣ್ಣು ಮುಚ್ಚಿದರು. ಎದುರಿಗೆ ಕೆಂಪು ಗುಡ್ಡ, ಗುಡ್ಡದಲ್ಲಿ ಗುಹೆ, ಅಪ್ಪನ ಬಾಯಿಯಲ್ಲಿ ಚಾಲುಕ್ಯರ ಇತಿಹಾಸ ತುದಿಗೆ ಬಂದು ನಿಂತಿದೆ. ಕೇಳುವವನು ಕಣ್ಣು ಮುಚ್ಚಿದ್ದಾನೆ. ಅಷ್ಟರಲ್ಲಿ ಒಂದು ಮಂಗ ಬಂದು ಅವರ ತಲೆಯ ಮೇಲಿನ ಟೊಪ್ಪಿಗೆ ಎತ್ತಿಕೊಂಡು ಹೋಗಿ ಕಲ್ಲಿನ ಮೇಲೆ ಕೂತು ಅದರ ಅಂಚು ಕಡಿಯತೊಡಗಿತು. ಅಪ್ಪ ಹುಶ್ ಹುಶ್ ಎಂದು ಓಡಾಡಿದ. ಇವರು ಅಲುಗಲಿಲ್ಲ. ಕಾಲು ತಾಸಾದ ಮೇಲೆ ಕಣ್ಣು ತೆರೆದು, "ಗುರುಗಳೇ, ನನ್ನ ಟೊಪ್ಪಿಗೆಯನ್ನು ಯಾರು ಸ್ವೀಕರಿಸಿದರು?" ಎಂದು ಕೇಳಿದರು. ಅಪ್ಪನಿಗೆ ಸಿಟ್ಟು ಬಂದಿತ್ತು, ಆದರೆ ಆ ವಾಕ್ಯದಲ್ಲಿ ವ್ಯಾಕರಣದ ತಪ್ಪು ಇರಲಿಲ್ಲವಾಗಿ ಬೈಯಲಾರದೆ ಹೋದ.

ತಿರುಗಿ ಬರುವಾಗ ರೇಲ್ವೆಯಲ್ಲಿ ಅವರು ಆ ದಿನವನ್ನು ಒಪ್ಪಿಸಿದರು. ಹೊಂಡದಲ್ಲಿ ಎಷ್ಟು ಜನ ಹೆಂಗಸರು ಒಗೆಯುತ್ತಿದ್ದರು, ಅವರಲ್ಲಿ ಒಬ್ಬಳು ಹೇಗೆ ನಡುನಡುವೆ ನಿಂತು ಬೆನ್ನು ಹಿಡಿದುಕೊಳ್ಳುತ್ತಿದ್ದಳು, ನನ್ನ ಬುತ್ತಿಯ ಶೇಂಗಾಹಿಂಡಿಯಲ್ಲಿ ಬೆಳ್ಳುಳ್ಳಿ ಇರಲಿಲ್ಲ, ಎಲ್ಲವನ್ನೂ. ಕಣ್ಣು ತೆರೆದೇ ಇದ್ದ ನಾನು ಆ ಬೆನ್ನುನೋವಿನವಳನ್ನು ಕಂಡೇ ಇರಲಿಲ್ಲ. ಅವತ್ತಿನಿಂದ ನನಗೆ ಅವರ ಮೇಲೆ ಗೌರವ ಹುಟ್ಟಿತು, ಇವತ್ತಿಗೂ ಇಳಿದಿಲ್ಲ.

ಅದೇ ವರ್ಷ ಅವ್ವನ ತಂಗಿ ಮಾವಶಿಯನ್ನು ನೋಡಲು ಇಳಕಲ್ಲಿಗೆ ಹೋದೆ. ಮಾವಶಿಯ ಮನೆಯ ಹಿಂದೆ ನೇಕಾರರ ಓಣಿ. ಒಂದು ಮಧ್ಯಾಹ್ನ ಅಲ್ಲೊಬ್ಬಳಿಗೆ ಹೆರಿಗೆಯ ಬೇನೆ. ಹುನಗುಂದದ ದವಾಖಾನೆಯಿಂದ ವಾರಕ್ಕೊಮ್ಮೆ ಬರುವ ನರ್ಸಬಾಯಿ ಅವತ್ತು ಅದೃಷ್ಟಕ್ಕೆ ಊರಲ್ಲಿದ್ದಳು. ಪಾದ್ರಿಗಳ ಮಂದಿಯವಳೇ, ಗಟ್ಟಿ ಧ್ವನಿಯ ಹೆಂಗಸು. ಬಾಗಿಲಲ್ಲಿ ಇಣುಕುತ್ತಿದ್ದ ನನ್ನನ್ನು ಕಂಡು, "ಏ ತಂಗಿ, ನೋಡಕೋಂತ ಏನ ನಿಂತಿ? ಬಿಸಿನೀರ ತಾ ಇತ್ತಾಗ" ಎಂದಳು. ಮಡಿ, ಮೈಲಿಗೆ, ಯಾರ ಮನೆ ಎಂದು ಯೋಚಿಸುವಷ್ಟು ವ್ಯಾಳೆ ಅವಳು ಕೊಡಲಿಲ್ಲ. ಆಚೆ ಖೋಲಿಯಲ್ಲಿ ಗಂಡ ಹೆದರಿಕೆಗೆ ಒಂದೇ ಸಮನೆ ಮಗ್ಗ ಬಡಿಯುತ್ತಿದ್ದ. ಕೂಸು ಅತ್ತಾಗ ಮಗ್ಗ ನಿಂತಿತು. ನನ್ನ ಕೈಯಲ್ಲಿ ಇದ್ದದ್ದು ಕೆಂಪಗೆ, ಜಾರುವ, ಬಿಸಿಯಾದ ಒಂದು ಹೆಣ್ಣುಕೂಸು. ಮಾವಶಿ ನನಗೆ ಎರಡು ಸಲ ತಲೆಗೆ ನೀರು ಹಾಕಿಸಿದಳು. ಮೈ ತೊಳೆಯಿತು, ಆ ಬಿಸಿ ಕೈಯಿಂದ ಹೋಗಲಿಲ್ಲ.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳೆಂದು ತಿಳಿದ ನರ್ಸಬಾಯಿ ಹೋಗುವ ಮುಂಚೆ, "ಧಾರವಾಡದಾಗ ಎರಡ ವರ್ಷ ಈ ನರ್ಸಿನ ಕೆಲಸಾ ಕಲಸ್ತಾರ. ನಿನ್ನ ಕೈ ನಡುಗಲಿಲ್ಲ, ನಾ ನೋಡೇನಿ" ಎಂದು ಹೇಳಿದಳು. ತಿಂಗಳೊಳಗೆ ಅರ್ಜಿಯ ಕಾಗದವನ್ನೂ ಕಳಿಸಿದಳು. ಬರುವ ಅಮಾವಾಸ್ಯೆಯೊಳಗೆ ಬರುತ್ತೇನೆ ಇಲ್ಲವೆ ಬರುವುದಿಲ್ಲ ಎಂದು ಬರೆಯಬೇಕಿತ್ತು. ಹೆರಿಗೆ ಮಾಡಿಸುವವಳು, ಹತ್ತು ಜಾತಿಯ ರಕ್ತ ಮುಟ್ಟುವವಳು, ತಿರುಗಿ ಬಂದು ಅಪ್ಪನ ಮಡಿಯ ಒಲೆ ಮುಟ್ಟುವಂತಿಲ್ಲ. ಹೋದರೆ ಹೋದಂತೆಯೇ. ನನಗೆ ಹೋಗಬೇಕು ಎನಿಸುತ್ತಿತ್ತು. ಅಪ್ಪ ಏನು ಉಣ್ಣಬೇಕು ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ.

ಅಪ್ಪನಿಗೆ ಹೇಳಿದೆ. ಅವನು ಪಂಚಾಂಗ ತೆಗೆದು ಕೂತ, ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಬನಶಂಕರಿಗೆ ಹೋಗಿ ಹೂ ಕೇಳಿದೆ. ಬಲಕ್ಕೆ ಬಿದ್ದರೆ ಹೋಗುವುದು, ಎಡಕ್ಕೆ ಬಿದ್ದರೆ ಇರುವುದು ಎಂದು ಬೇಡಿಕೊಂಡು ಒಂದು ತಾಸು ಕೂತೆ. ಹೂವು ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಕೊನೆಗೆ ಆರತಿ ಎತ್ತಲು ಬಾಗಿದ ಪೂಜಾರಿಯ ತಲೆಯ ಮೇಲೆ ಬಿತ್ತು. ದೇವಿಗೂ ನನ್ನ ಉಸಾಬರಿ ಬೇಡವಾಗಿತ್ತು.

ಉಳಿದವರು ಪಾದ್ರಿಗಳು. ಅಪ್ಪ ಸ್ನಾನಕ್ಕೆ ಹೋದ ಸಮಯ ನೋಡಿ ಕಟ್ಟೆಗೆ ಬಂದು ಎಲ್ಲ ಹೇಳಿ, "ನೀವ ಹೇಳ್ರಿ, ಹೋಗಲೋ ಬ್ಯಾಡೋ?" ಎಂದು ಕೇಳಿದೆ. ನನ್ನ ಹಂಚಿಕೆ ಸ್ಪಷ್ಟವಾಗಿತ್ತು. ಅವರು ಹೋಗು ಅನ್ನಬೇಕು, ನಾನು ಹೋಗಬೇಕು, ಪಾಪ ಅವರ ತಲೆಗೆ ಕಟ್ಟಬೇಕು. ನಮ್ಮಲ್ಲಿ ಗುರುಗಳ ಹತ್ತಿರ ಹೋಗುವುದೇ ಅದಕ್ಕೆ; ಅವರು ಅಪ್ಪಣೆ ಕೊಟ್ಟರೆ ನಮ್ಮ ತಲೆ ಹಗುರ.

"ನಾನು ಹೇಳಲಾರೆ, ತಂಗಿ" ಎಂದರು.

ನನಗೆ ರೇಗಿತು. "ನಿಮ್ಮ ಮಂದೀಗೆ ನರ್ಸ್ ಬೇಕಾಗ್ಯಾರ ಅಂತ ಊರೆಲ್ಲಾ ಅಂತದ. ಹೋಗು ಅನ್ನಲಿಕ್ಕೆ ನಿಮಗೇನ್ರಿ ತ್ರಾಸ?"

"ಬೇಕಾಗಿರುವುದರಿಂದಲೇ ಹೇಳಲಾರೆ. ಧಾನ್ಯ ತೂಗುವವನ ಬೆರಳು ತಕ್ಕಡಿಯ ಮುಳ್ಳಿಗೆ ತಾಗಬಾರದು. ನನ್ನ ಬೆರಳಿಗೆ ಆಸೆ ಇದೆ. ಆದ್ದರಿಂದ ದೂರ ಇಡುತ್ತೇನೆ. ನಿಮ್ಮ ದೇವರು ನಿಮ್ಮೊಡನೆ ನೇರವಾಗಿ ಮಾತನಾಡಲಿ."

ನಾನು ಸಿಟ್ಟಿನಲ್ಲೇ ಅತ್ತೆ. ಅವರು ಸಮಾಧಾನದ ಮಾತಾಡಲಿಲ್ಲ, ಎದ್ದೂ ಹೋಗಲಿಲ್ಲ. ನಾನು ಮೂಗು ಒರೆಸಿಕೊಂಡ ಮೇಲೆ ಒಂದು ದಾರಿ ಹೇಳಿದರು. ಮೂರು ದಿನ, ಹೋಗುವುದೆಂದು ನಿರ್ಧಾರವಾಗಿಯೇ ಹೋಯಿತು ಎಂಬಂತೆ ಇರಬೇಕು. ಆಮೇಲೆ ಮೂರು ದಿನ, ಇರುವುದೆಂದು ನಿರ್ಧಾರವಾಯಿತು ಎಂಬಂತೆ. ಮನಸ್ಸಿನಲ್ಲಿ ಮಾತ್ರ, ಯಾರಿಗೂ ಹೇಳುವಂತಿಲ್ಲ. ದಿನಾ ಸಂಜೆ ಒಂದು ಸಾಲು ಬರೆಯಬೇಕು, ಯೋಚನೆ ಬಂದಾಗ ಹೇಗಿತ್ತು ಎಂದಲ್ಲ, ಹೋದ ಮೇಲೆ ಏನು ಉಳಿಯಿತು ಎಂದು. "ಇನ್ನೊಂದು. ಮನಸ್ಸು ಕತ್ತಲಾದ ದಿನ ಯಾವುದನ್ನೂ ಬದಲಿಸಬೇಡಿ. ಕತ್ತಲಲ್ಲಿ ದಾರಿ ಬದಲಿಸುವವನು ಹಳ್ಳಕ್ಕೆ ಬೀಳುತ್ತಾನೆ" ಎಂದರು.

ಮನಸ್ಸಿನಲ್ಲಿ ಮಾತ್ರ ಎಂದರೆ ಹೇಗೆ ಎಂಬುದು ನನಗೆ ತಿಳಿಯಲಿಲ್ಲ. ಕೈಯಲ್ಲಿ ಸೌಟು ಹಿಡಿದು, ಮಡಿಸೀರೆ ಉಟ್ಟು, ಧಾರವಾಡಕ್ಕೆ ಹೋದವಳಂತೆ ಇರುವುದು ಹೇಗೆ? ಹೋದವಳು ಈ ಒಲೆಯ ಮುಂದೆ ಇರುವುದಿಲ್ಲವಲ್ಲ. ಆದ್ದರಿಂದ ಮೊದಲ ದಿನ ಬೆಳಿಗ್ಗೆ ಎದ್ದವಳು ಅಡಿಗೆಮನೆಗೆ ಹೋಗಲೇ ಇಲ್ಲ. ಹಿತ್ತಿಲ ಪಡಸಾಲೆಯಲ್ಲಿ ಒಂದು ಕಂಬಳಿ ಹಾಸಿ, ಹಳೆಯ ನೋಟುಬುಕ್ಕು ಹಿಡಿದು ಕೂತುಬಿಟ್ಟೆ. ವೈನಿ ಬಂದಳು, ನೋಡಿದಳು, ಎರಡು ಹೆಜ್ಜೆ ಹಿಂದೆ ಸರಿದು ತಂಬಿಗೆ ನೀರು ದೂರ ಇಟ್ಟು ಹೋದಳು. ಆಗ ನನಗೆ ಹೊಳೆಯಿತು: ನಾನು ಹೊರಗಾಗಿದ್ದೇನೆ ಎಂದು ಅವಳು ತಿಳಿದಳು. ಅದಕ್ಕೂ ಸರಿಯಾಗಿ ಮೂರು ದಿನ, ಇದಕ್ಕೂ ಸರಿಯಾಗಿ ಮೂರು ದಿನ. ಇಷ್ಟು ಅನುಕೂಲದ ಸುಳ್ಳು ಕೇಳದೆಯೇ ಸಿಕ್ಕಾಗ ಬಿಡುವಷ್ಟು ದೊಡ್ಡವಳಲ್ಲ ನಾನು. ಸುಮ್ಮನಾದೆ.

ಊಟದ ಹೊತ್ತಿಗೆ ಅಪ್ಪ ಅಕ್ಕಿ ಬೇಯಿಸಿಕೊಳ್ಳಲು ಏಳುತ್ತಾನೆಂದು ಕಿವಿಗೊಟ್ಟು ಕೂತಿದ್ದೆ. ಏಳಲಿಲ್ಲ. ಬದಲಿಗೆ ನಡುಮನೆಯಿಂದ, "ಇವತ್ತ ನೀನ ಮಡಿಲೆ ಮಾಡವಾ. ನಿನ್ನ ಕೈಯಾಗಿಂದ ಉಣ್ತೇನಿ" ಎಂಬ ಮಾತು ಕೇಳಿಸಿತು. ಸೊಸೆಗೆ. ನನಗೆ ಗಾಬರಿಯಾಯಿತು, ಅಪ್ಪನಿಗೆ ಆರಾಮ ಇಲ್ಲವೇನೋ ಎಂದುಕೊಂಡೆ. ವೈನಿ ಗಡಬಡಿಸಿ ತಲೆಗೆ ನೀರು ಹಾಕಿಕೊಂಡು ಬಂದು ಒಲೆ ಹೊತ್ತಿಸಿದಳು. ಕೂಸನ್ನು ತೊಟ್ಟಿಲಿಗೆ ಹಾಕಿ, ತೊಟ್ಟಿಲ ಹಗ್ಗವನ್ನು ತನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ತೂಗುತ್ತ ತೂಗುತ್ತ ಸಾರು ಕುದಿಸಿದಳು. ಅಪ್ಪನ ಶಾಸ್ತ್ರದ ಪ್ರಕಾರ ಆ ಹಗ್ಗದ ಗುಂಟ ಮೈಲಿಗೆ ಹರಿದು ಬಂದು ಸಾರಿಗೆ ಸೇರಬೇಕು. ಅಪ್ಪ ಹಗ್ಗವನ್ನು ನೋಡಿ, ಗೋಡೆಯ ಕಡೆ ತಿರುಗಿ ಕೂತದ್ದು ಬಾಗಿಲ ಸಂದಿಯಿಂದ ನನಗೆ ಕಂಡಿತು.

ನಾನು ನನ್ನ ಸಾಲು ಬರೆದೆ. ಮೊದಲ ಸಂಜೆ: ಅಂಜಿಕೆ, ಮಗ್ಗ ನಿಂತ ಸದ್ದು ಕಿವಿಯಲ್ಲಿ ಇದೆ. ಎರಡನೆಯ ದಿನ ಪೂರ್ತಿ ಕತ್ತಲು. ನಾನೆಲ್ಲಿ, ಧಾರವಾಡವೆಲ್ಲಿ, ಗಂಡ ಸತ್ತವಳಿಗೆ ಈ ಮೆರೆದಾಟವೇಕೆ ಎನಿಸಿ ಅರ್ಜಿಯನ್ನು ಹರಿಯಲು ಕೈಗೆ ತೆಗೆದುಕೊಂಡೆ. ಹಳ್ಳದ ಮಾತು ನೆನಪಾಗಿ ತಿರುಗಿ ಮಡಚಿಟ್ಟೆ. ಮೂರನೆಯ ದಿನ ಏನೂ ಆಗಲಿಲ್ಲ. ಮಾಳಿಗೆಯ ಅಂಚಿನ ಕುಂಬಿಯ ಮೇಲೆ ಗುಬ್ಬಿ ಕೂತಿದ್ದವು, ವೈನಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು, ನನ್ನ ಎದೆಯೊಳಗೆ ಯಾವ ಗದ್ದಲವೂ ಇರಲಿಲ್ಲ. ಸಂಜೆ ಬರೆದೆ: ತಂಪು.

ನಾಲ್ಕನೆಯ ದಿನ ರೂಢಿಯಂತೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದೆ. ಇರುವವಳಂತೆ ಇರುವ ದಿನಗಳು ಕೆಟ್ಟದಾಗಿ ಇರುತ್ತವೆ ಎಂದುಕೊಂಡಿದ್ದೆ. ಖರೆ ಹೇಳಬೇಕೆಂದರೆ ಬಹಳ ಚೆನ್ನಾಗಿದ್ದವು. ಅಪ್ಪ ನನ್ನ ಕೈಯ ಸಾರನ್ನು ಎರಡು ಸಲ ಹಾಕಿಸಿಕೊಂಡ. ಓಣಿಯ ಹೆಂಗಸರು, "ಇಂಥಾ ಮಗಳ ಇರಬೇಕು ನೋಡ್ರಿ" ಎಂದರು. ನನ್ನ ತ್ಯಾಗವನ್ನು ನೆನೆದು ನನಗೇ ಕಣ್ಣು ತುಂಬಿದವು. ಸಂಜೆ ನೋಟುಬುಕ್ಕು ಹಿಡಿದು ಕೂತಾಗ ಮಾತ್ರ ಏನೂ ಉಳಿದಿರಲಿಲ್ಲ. ಮೂರೂ ದಿನ ಅದೇ ಬರೆದೆ: ಒಣ. ಒಣ. ಒಣ.

ಏಳನೆಯ ದಿನ ಬೆಳಿಗ್ಗೆ ಉತ್ತರ ನನಗೆ ಗೊತ್ತಿತ್ತು. ಅದಕ್ಕೇ ಸಂಕಟ ಹೆಚ್ಚಾಯಿತು. ಪಾದ್ರಿಗಳ ದಾರಿ ಮನಸ್ಸಿನದನ್ನು ತೋರಿಸಿತು. ಅಪ್ಪನ ಎಲೆಗೆ ಯಾರು ಬಡಿಸಬೇಕು ಎಂದು ತೋರಿಸಲಿಲ್ಲ ಎಂದುಕೊಂಡೆ. ಅಡಿಗೆಮನೆಯ ಹೊರಗೆ ಕೂಸಿಗೆ ಹಾಲನ್ನ ತಿನ್ನಿಸುತ್ತಿದ್ದ ವೈನಿಯ ಹತ್ತಿರ ಕೂತೆ. ಯಾರಿಗಾದರೂ ಹೇಳಲೇಬೇಕಿತ್ತು.

"ವೈನಿ, ನನಗ ಹೋಗಬೇಕು ಅಂತನ ಅದ. ಆದರ ಹೋಗೂದಿಲ್ಲ. ಅಪ್ಪಗ ಅಡಿಗಿ ಯಾರು ಮಾಡಬೇಕು ಹೇಳ್ರಿ?"

ವೈನಿ ತಲೆ ಎತ್ತದೆ ಕೂಸಿನ ಬಾಯಿ ಒರೆಸಿದಳು. "ಖರೇನ ಹೊರಗಾಗಿ ಹನ್ನೆರಡ ದಿನಾ ಆಗಿರಲಿಲ್ಲ, ಮತ್ತ ಹೊರಗ ಕೂತಿ. ನನಗ ಎಣಸಲಿಕ್ಕೆ ಬರೂದಿಲ್ಲ ಅಂತ ತಿಳದೀಯೇನು?"

ನಾನು ಹಾಲನ್ನದ ಬಟ್ಟಲನ್ನು ಅತ್ತಿತ್ತ ಸರಿಸತೊಡಗಿದೆ.

"ನೀ ಏನೋ ಲೆಕ್ಕಾ ಹಾಕಲಿಕ್ಕತ್ತೀದಿ ಅಂತ ಗೊತ್ತಾತು. ಹಾಕ್ಕೊಳ್ಳಲಿ ಅಂತ ಸುಮ್ಮನಿದ್ದೆ" ಎಂದಳು ವೈನಿ. ಅದೇ ಮೆಲುದನಿಯಲ್ಲಿ ಮುಂದುವರಿಸಿದಳು: "ಈ ಮನೀಗೆ ಬಂದು ನಾಕ ವರ್ಷ ಆತು. ಆ ಮೂರ ದಿನ ಮಾಮಾ ನನ್ನ ಕೈಲೆ ಉಂಡರು, ಮೊದಲನೇ ಸಲ. ನಾಕನೇ ದಿನ ನೀ ಒಳಗ ಬಂದಿ, ನಾ ಮತ್ತ ಹೊರಗ ಬಂದೆ. ನೀ ತ್ಯಾಗಾ ಮಾಡಕೋತ ಆ ಒಲಿ ಮುಂದ ಕೂತರ, ನಾ ಈ ಮನೀ ಸೊಸಿ ಆಗೂದು ಯಾವಾಗ?"

ನಾಲ್ಕು ವರ್ಷ ಬಾಗಿಲ ಹತ್ತಿರ ನಿಂತ ಹೆಂಗಸನ್ನು ನಾನು ಅವತ್ತು ಮೊದಲ ಸಲ ನೋಡಿದೆ. ಬಾದಾಮಿಯ ಹೊಂಡದಲ್ಲಿ ಬೆನ್ನು ಹಿಡಿದುಕೊಂಡವಳನ್ನು ನೋಡದ ಹಾಗೆಯೇ ಇವಳನ್ನೂ ನೋಡಿರಲಿಲ್ಲ. ನನ್ನ ತ್ಯಾಗದ ಭಾರವನ್ನೆಲ್ಲ ಹೊತ್ತವಳು ಇವಳು ಎಂದು ತಿಳಿದು ನಾಚಿಕೆಯಾಯಿತು. ಅವಳ ಎಂಜಲು ಕೈ ಹಿಡಿದುಕೊಂಡೆ. "ಕೈ ಬಿಡು, ಕೂಸು ಉಗಳತದ" ಎಂದಳು.

ಅಷ್ಟರಲ್ಲಿ ಪಾದ್ರಿಗಳು ಪಾಠಕ್ಕೆ ಬಂದು ಕಟ್ಟೆಯ ಮೇಲೆ ಕೂತಿದ್ದರು. ನಾನು ನೇರವಾಗಿ ಹೊರಗೆ ಹೋಗಿ ಅಪ್ಪನ ಮುಂದೆ ನಿಂತು, "ಅಪ್ಪಾ, ನಾ ಧಾರವಾಡಕ್ಕ ಹೋಗ್ತೇನಿ" ಎಂದೆ. ಆ ಮೂರು ದಿನ ನಾನು ಹೊರಗಾಗಿರಲಿಲ್ಲ ಎಂಬುದನ್ನೂ, ಯಾಕೆ ಹಾಗೆ ಕೂತೆ ಎಂಬುದನ್ನೂ ಉಸಿರು ಬಿಡದೆ ಹೇಳಿ ಮುಗಿಸಿದೆ. ಮನಸ್ಸಿನಲ್ಲಿ ಮಾಡು ಎಂದದ್ದನ್ನು ನಾನು ಮನೆಯ ತುಂಬ ಮಾಡಿದ್ದು ಕೇಳಿ ಪಾದ್ರಿಗಳಿಗೆ ನಗೆ ತಡೆಯದೆ ಕೆಮ್ಮು ಬಂತು.

ಅಪ್ಪ ನಗಲಿಲ್ಲ. ಪಂಚಾಂಗದೊಳಗಿನಿಂದ ಮಡಚಿದ ಒಂದು ಕಾಗದ ತೆಗೆದು ನನ್ನ ಕೈಯಲ್ಲಿ ಇಟ್ಟ. "ನೀ ಇವರನ್ನ ಕೇಳಿದ ದಿವಸನ ಸಂಜೀಮುಂದ ನಾನೂ ಹೋಗಿದ್ದೆ, ಸ್ಟೇಶನ್ ಕಡೆ. ಮಗಳಿಗೆ ಹೋಗಬ್ಯಾಡ ಅಂತ ಹೇಳ್ರಿ ಅಂತ ಕೇಳಲಿಕ್ಕೆ. ನನಗೂ ಇದನ್ನ ಹೇಳಿ ಕಳಿಸಿದರು. ನೀ ಹೊರಗ ಕೂತದ್ದು ನೋಡಿ, ಇದ ಛಲೋ ವ್ಯಾಳ್ಯಾ ಅಂತ ಅವತ್ತ ಸುರು ಮಾಡಿದೆ. ಮೂರ ದಿವಸ ನೀ ಹೋದಂಗ, ಮೂರ ದಿವಸ ನೀ ಇದ್ದಂಗ."

ನಾನು ಪಾದ್ರಿಗಳನ್ನು ನೋಡಿದೆ. ಒಂದೇ ಮನೆಯ ಇಬ್ಬರ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಆ ಮನುಷ್ಯ ಅಷ್ಟೂ ದಿನ ಇದೇ ಕಟ್ಟೆಯ ಮೇಲೆ ವಿಭಕ್ತಿ ಪ್ರತ್ಯಯ ಒಪ್ಪಿಸಿದ್ದರು. ಒಮ್ಮೆಯೂ ಯಾರ ಕಡೆಗೂ ಬೆರಳು ಚಾಚಿರಲಿಲ್ಲ. ಮುಂದೆ ಇಳಕಲ್ಲಿನ ಮಗ್ಗದ ಓಣಿಗಳಲ್ಲಿ ನನ್ನ ಹತ್ತಿರ ಹೆಂಗಸರು ಬಂದು, "ಬಾಯಾರ, ಏನ ಮಾಡ್ಲಿ ನೀವ ಹೇಳ್ರಿ" ಎಂದು ಅತ್ತಾಗಲೆಲ್ಲ ನನ್ನ ಬೆರಳು ತುರಿಸುತ್ತಿತ್ತು. ಅವರನ್ನು ನೆನೆದು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂಡುತ್ತಿದ್ದೆ. ಎದ್ದು ಹೋಗದೆ ಹತ್ತಿರ ಕೂತಿರುವುದು ಎಷ್ಟು ಕಷ್ಟದ ಕೆಲಸ ಎಂಬುದು ಮಾಡಿದವರಿಗೇ ಗೊತ್ತು. ಅವರಷ್ಟು ಚೆನ್ನಾಗಿ ಅದನ್ನು ಮಾಡಿದವರನ್ನು ನಾನು ಮತ್ತೆ ಕಾಣಲಿಲ್ಲ.

ಕಾಗದ ಬಿಚ್ಚಿದೆ. ಶುದ್ಧ ಕನ್ನಡದ ಅಪ್ಪ ಅದನ್ನು ಮನೆಮಾತಿನಲ್ಲಿ ಬರೆದಿದ್ದ. ಒಂದು ಬದಿಗೆ, ನಾನು ಇದ್ದಂತೆ ಎಂಬ ಮೂರು ದಿನದ್ದು ಒಂದೇ ಸಾಲು: "ಸಾರು ಭಾಳ ರುಚಿ. ಬಡಸೂ ಮುಂದ ಮಗಳು ನನ್ನ ನೋಡೂದಿಲ್ಲ, ಗ್ವಾಡಿ ನೋಡತಾಳ." ತಿರುವಿದೆ. ಈ ಬದಿಗೆ, ನಾನು ಹೋದಂತೆ ಎಂಬ ಮೂರು ದಿನ.

"ಸಾರಿಗೆ ಉಪ್ಪು ಕಡಿಮಿ. ಮನಿ ಭಣಭಣ."

"ಇವತ್ತೂ ಉಪ್ಪು ಕಡಿಮಿ."

"ಉಪ್ಪು ಕಡಿಮಿ. ನಡೀತದ."

ಕೊನೆಯ ಸಾಲನ್ನು ನಾನು ಗಟ್ಟಿಯಾಗಿ ಓದಿಬಿಟ್ಟಿದ್ದೆ. ಒಳಗೆ ಬಾಗಿಲ ಹತ್ತಿರ, ಯಾವಾಗಲೂ ನಿಲ್ಲುವ ಜಾಗದಲ್ಲಿ, ವೈನಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಮಾವನ ಎದುರು ಬಾಯಿಬಿಟ್ಟವಳಲ್ಲ, ಅವತ್ತು ಬಿಟ್ಟಳು.

"ಉಪ್ಪು ಕಡಿಮಿ ಆಗಿದ್ದರ ನನಗ ಹೇಳಬಾರದೇನ್ರಿ, ಮಾಮಾ?"

ಅಪ್ಪ ಅವಳ ಕಡೆ ತಿರುಗಿದ. ಕೂಸನ್ನು ನೋಡಿದ, ಅವಳನ್ನು ನೋಡಿದ.

"ನಾಳಿಂದ ಹೇಳತೇನವಾ" ಎಂದ.